ಟೆಪ್ಪರ್ ಸಮಾಧಿಯ ಮುಂದೆ ಹತ್ತು ಮಂದಿ

"ಇನ್ನೊಂದು ಸಲ. ಮೊದಲಿಂದ," ಎಂದಳು ರೈಜಲ್.

ಗಾಲಿಕುರ್ಚಿಯಲ್ಲಿದ್ದ ಲಿಯೋನಲ್ ಫ್ರಾಯ್ಮನ್ ಕೆಮ್ಮಿ, ಗಂಟಲು ಸರಿಮಾಡಿಕೊಂಡು ಮತ್ತೆ ಹಾಡತೊಡಗಿದ. ಎಂಬತ್ತು ದಾಟಿದ ಮುದುಕ. ದನಿ ಸವೆದುಹೋಗಿದ್ದರೂ ಸ್ವರ ತಪ್ಪುತ್ತಿರಲಿಲ್ಲ. ಕಾಲ್‌ಫೀಲ್ಡ್ ಬಡಾವಣೆಯ ಆ ವೃದ್ಧಾಶ್ರಮದ ಕಿಟಕಿಯಾಚೆ ಮ್ಯಾಗ್‌ಪೈ ಹಕ್ಕಿಯೊಂದು ದಾರಿಹೋಕರ ತಲೆಗೆ ಎರಗುತ್ತಿತ್ತು. ಪಿಯಾನೊ ಪಾಠ ಹೇಳಿಯೇ ಕೂದಲು ಹಣ್ಣಾದ ರೈಜಲ್ ತಲೆಯೆತ್ತದೆ ಸ್ವರ ಬರೆದುಕೊಳ್ಳುತ್ತಿದ್ದಳು.

ಯಾರು ಬದುಕುವರು, ಯಾರು ಸಾಯುವರು ಎಂದು ಕೇಳುವ, ಯೆಹೂದಿಗಳ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್‌ನ ಪ್ರಾರ್ಥನೆಗೆ ಅವಳ ಅಪ್ಪ ಯೋನಾ ಟೆಪ್ಪರ್ ಕಟ್ಟಿದ ರಾಗವದು. ನಾಲ್ಕು ದನಿ ಸೇರಿ ಹಾಡಬೇಕಾದದ್ದು. ಮೂರು ದನಿಗಳ ಹಾಳೆ ಉಳಿದಿದ್ದವು, ಗಂಡಸರ ಎತ್ತರದ ದನಿಯಾದ ಟೆನರ್‌ನದು ಕಳೆದುಹೋಗಿತ್ತು. ಕಳೆದವನು ಇದೇ ಲಿಯೋನಲ್. ಮೂವತ್ತು ವರ್ಷಗಳ ಹಿಂದೆ ಪ್ರಾರ್ಥನಾಮಂದಿರವಾದ ಸಿನಗಾಗಿನ ಅಧ್ಯಕ್ಷನಾಗಿ, "ಜನಕ್ಕೆ ಚಪ್ಪಾಳೆ ತಟ್ಟೋ ಹಾಡು ಬೇಕು ಯೋನಾ, ನಿನ್ನ ಅಳು ಸಾಕು" ಎಂದು ಹಾಡುಗಾರರ ತಂಡವನ್ನೇ ವಿಸರ್ಜಿಸಿದ್ದ. ಕಟ್ಟಡ ದುರಸ್ತಿಗೆ ಬಂದಾಗ ಹಾಡಿನ ಹಾಳೆಗಳನ್ನೆಲ್ಲ ಕಸದ ತೊಟ್ಟಿಗೆ ಹಾಕಿಸಿದ. ದೇವರ ಹೆಸರಿರುವ ಹಾಳೆಯನ್ನು ಹೂಳುತ್ತಾರೆ, ಎಸೆಯುವುದಿಲ್ಲ. ಅದು ಅವನಿಗೆ ತಿಳಿಯದ್ದೇನಲ್ಲ. ಯೋನಾ ಮಳೆಯಲ್ಲಿ ತೊಟ್ಟಿಯೊಳಗೇ ಇಳಿದು ಕೈಗೆ ಸಿಕ್ಕಿದ್ದನ್ನು ಬಾಚಿ ತಂದಿದ್ದ. ಕೆಲವೇ ತಿಂಗಳಲ್ಲಿ ಪಾರ್ಶ್ವವಾಯು ಬಡಿಯಿತು. ಹೋದ ದನಿಯನ್ನು ನೆನಪಿಸಿಕೊಳ್ಳಲು ಪಿಯಾನೊ ಮುಂದೆ ಕೂತು ಕೂತೇ ಸತ್ತ. ಆ ದನಿಯನ್ನು ಹಾಡುತ್ತಿದ್ದವರಲ್ಲಿ ಈಗ ಬದುಕಿದ್ದವನು ಲಿಯೋನಲ್ ಒಬ್ಬನೇ. ಟೆಪ್ಪರ್ ಮನೆಯ ಅಡುಗೆಮನೆಯಲ್ಲೇ, ರೈಜಲಳ ಅಮ್ಮ ಬಡಿಸಿದ ಉಪ್ಪುಮೀನು ತಿನ್ನುತ್ತ ಅದನ್ನು ಕಲಿತವನು. ಆಗ ರೈಜಲ್ ಅವನನ್ನು ಮಾಮ ಎನ್ನುತ್ತಿದ್ದಳು.

"ಸರಿ ಬಂತಾ?" ಎಂದ ಲಿಯೋನಲ್.

"ಬಂತು."

"ಹಾಗಾದ್ರೆ ಈಗಲಾದ್ರೂ ಹೇಳು. ಎರಡು ಸಲ ಕೇಳಿದೀನಿ, ಇದು ಮೂರನೇದು. ಕ್ಷಮಿಸು ರೈಜಲ್. ಮೂರು ಸಲ ಕೇಳಿದ ಮೇಲೂ ಇಲ್ಲ ಅಂದ್ರೆ ಪಾಪ ನಿನ್ನ ತಲೆಗೆ."

"ಓಹೋ, ಶಾಸ್ತ್ರ! ಹಾಳೆ ಎಸೆಯೋವಾಗ ಎಲ್ಲಿ ಹೋಗಿತ್ತು ನಿಮ್ಮ ಶಾಸ್ತ್ರ? ನೆಗಡಿ ಆಗಿ ಮಲಗಿತ್ತಾ?"

ಜೇನಿನ ಕೇಕು ಕೊಯ್ಯುತ್ತಿದ್ದ ಲಿಯೋನಲ್‌ನ ಹೆಂಡತಿ ಪೆಸ್ಯಾ ಚಾಕು ಕೆಳಗಿಟ್ಟಳು. "ಬಿಡೇ ತಾಯಿ, ಇವತ್ತೋ ನಾಳೆಯೋ ಅನ್ನೋ ಮನುಷ್ಯ. ಒಂದು ಮಾತು ಅಂದ್ರೆ ನಿನ್ನ ಗಂಟೇನು ಹೋಗುತ್ತೆ?"

"ತಪ್ಪು ಮಾಡಿದ್ದು ನನಗಲ್ವಲ್ಲ ಆಂಟಿ, ನಮ್ಮಪ್ಪನಿಗೆ. ಅವರು ಸ್ಪ್ರಿಂಗ್‌ವೇಲ್ ಸ್ಮಶಾನದ ಮಣ್ಣಲ್ಲಿದಾರೆ. ಸತ್ತೋರ ಹತ್ರ ಹೇಗೆ ಕ್ಷಮೆ ಕೇಳ್ಬೇಕು ಅಂತ ನಿಮ್ಮ ಈ ಶಾಸ್ತ್ರಿಗಳಿಗೆ ಗೊತ್ತಿರುತ್ತೆ, ಕೇಳಿ."

ಲಿಯೋನಲ್ ಮುಖ ಇಳಿಯಿತು. "ಹತ್ತು ಗಂಡಸರನ್ನ ಕರ್ಕೊಂಡು... ಸಮಾಧಿ ಮುಂದೆ..."

"ಗಟ್ಟಿಯಾಗಿ ಹೇಳ್ಬೇಕು. ಹತ್ತು ಜನಾನ ನಾನೇ ಕರ್ಕೊಂಡು ಬರ್ತೀನಿ."

ಭಾನುವಾರ ಬೆಳಗ್ಗೆ ಸ್ಮಶಾನಕ್ಕೆ ಅವಳು ಕರೆತಂದದ್ದು ಹಾಡುಗಾರರನ್ನು. ಟೆಪ್ಪರ್ ಹಾಡುಗಳನ್ನು ಮತ್ತೆ ಎಬ್ಬಿಸಬೇಕೆಂದು ಅವಳು ಮನೆಮನೆ ಅಲೆದು ಕೂಡಿಸಿದ ತಂಡ. ಜಲ್ಲಿಯ ಮೇಲೆ ಪೆಸ್ಯಾ ಕಷ್ಟಪಟ್ಟು ಕುರ್ಚಿ ತಳ್ಳುತ್ತಿದ್ದರೂ ರೈಜಲ್ ಯಾರಿಗೂ ಕೈಹಾಕಲು ಬಿಡಲಿಲ್ಲ.

ಸಮಾಧಿಯ ಮುಂದೆ ಲಿಯೋನಲ್ ಏನೋ ಗೊಣಗಿದ.

"ಕೇಳಿಸ್ಲಿಲ್ಲ," ಎಂದಳು ರೈಜಲ್.

"ಇಸ್ರಾಯೇಲಿನ ದೇವರಿಗೂ ಯೋನಾ ಟೆಪ್ಪರನಿಗೂ ನಾನು ತಪ್ಪು ಮಾಡಿದೆ."

"ಏನು ತಪ್ಪು? ಇವರಿಗೂ ತಿಳೀಲಿ."

"ಅವನ ಹಾಡು ತೊಟ್ಟಿಗೆ ಹಾಕಿಸ್ದೆ." ಯಾರೂ ಕೇಳದಿದ್ದರೂ ಅವನೇ ಮುಂದುವರಿಸಿದ. "ಅವನು ಅದರೊಳಗೆ ಇಳಿದು ಹುಡುಕೋದನ್ನ ಮೇಲಿನ ಕಿಟಕೀಲಿ ನಿಂತು ನೋಡ್ದೆ. ಟೀ ಕುಡೀತಾ ಇದ್ದೆ. ಪೂರ್ತಿ ಕುಡಿದು ಮುಗಿಸ್ದೆ."

ಇದು ರೈಜಲ್‌ಗೆ ಗೊತ್ತಿರಲಿಲ್ಲ.

"ಹಾಡಿ," ಎಂದಳು.

ಅವನು ಹಾಡಿದ. ಮಿಕ್ಕ ದನಿಗಳು ಒಂದೊಂದಾಗಿ ಬಂದು ಕೂಡಿಕೊಂಡವು. ಅಷ್ಟು ವರ್ಷ ಸೊಟ್ಟಗೆ ನಿಂತಿದ್ದ ರಾಗ ನಾಲ್ಕು ಕಾಲೂರಿ ಎದ್ದಿತು. ಹಾಡುವವರಲ್ಲೇ ಒಬ್ಬ ಕಣ್ಣೊರೆಸಿಕೊಂಡ. ರೈಜಲ್ ಕೈಯೆತ್ತಿ ನಿಲ್ಲಿಸಿದಳು.

"ತಪ್ಪು. ಮೊದಲಿಂದ."

ತಪ್ಪಿರಲಿಲ್ಲ. ಹತ್ತೂ ಮಂದಿಗೆ ಗೊತ್ತಿತ್ತು. ಲಿಯೋನಲ್‌ಗೂ ಗೊತ್ತಿತ್ತು. ಅವನು ಉಸಿರು ಕೂಡಿಸಿಕೊಂಡು ಮೊದಲಿಂದ ಶುರುಮಾಡಿದ. ಆಮೇಲೆ ಮತ್ತೊಂದು ಸಲ. ದನಿ ಪೂರ್ತಿ ಒಡೆದು ಬರೀ ಗಾಳಿ ಬರತೊಡಗಿದ ಮೇಲೆ ಅವಳು ಕೈಯಿಳಿಸಿದಳು.

"ಹಾಡಿನ ಪುಸ್ತಕ ಅಚ್ಚು ಹಾಕಿಸ್ತೀಯಂತೆ," ಎಂದಳು ಪೆಸ್ಯಾ ಗಂಡನ ಶಾಲು ಸರಿಮಾಡುತ್ತ. "ಇವರ ಹೆಸರು ಹಾಕ್ತೀಯಾ?"

"ಹಾಕ್ದೆ ಇರ್ತೀನಾ? ಎಸೆದೋರು ಯಾರು, ವಾಪಸ್ ಕೊಟ್ಟೋರು ಯಾರು, ಎರಡೂ ಒಂದೇ ಪುಟದಲ್ಲಿ."

ಸಮಾಧಿಗೆ ಬಂದವರು ಗೌರವಕ್ಕೆ ಇಟ್ಟುಹೋಗುವಂಥ ಒಂದು ಬೆಣಚುಕಲ್ಲನ್ನು ಲಿಯೋನಲ್ ಬಗ್ಗಲಾರದೆ ಹೆಂಡತಿಯಿಂದ ಎತ್ತಿಸಿಕೊಂಡು ರೈಜಲಳತ್ತ ಚಾಚಿದ. "ನನ್ನ ಹೆಸರಲ್ಲಿ ಅವನ ಸಮಾಧಿ ಮೇಲೆ ಇಡು. ನನಗೆ ಎಟುಕೋದಿಲ್ಲ."

ಅವಳು ಕಲ್ಲನ್ನು ತೆಗೆದುಕೊಂಡಳು.

ಎಲ್ಲರೂ ಹೊರಟರು. ಸ್ಮಶಾನ ಬಿಡುವಾಗಿನ ರೂಢಿಯಂತೆ ಗೇಟಿನ ಬಳಿಯ ನಲ್ಲಿಯಲ್ಲಿ ಒಬ್ಬೊಬ್ಬರಾಗಿ ಕೈ ತೊಳೆದು, ಒರೆಸಿಕೊಳ್ಳದೆ ಕಾರುಗಳ ಕಡೆ ನಡೆದರು. ಕೊನೆಯಲ್ಲಿ ರೈಜಲ್ ಬಂದಳು. ಒಂದು ಕೈ ತೊಳೆದಳು. ಇನ್ನೂ ಮುಷ್ಟಿಯಲ್ಲೇ ಇದ್ದ ಲಿಯೋನಲ್‌ನ ಕಲ್ಲನ್ನು ಆ ಒದ್ದೆ ಕೈಗೆ ದಾಟಿಸಿ, ಇನ್ನೊಂದನ್ನು ತೊಳೆದಳು.