ಟೈಲರಣ್ಣನ ಮೊಲ ಮತ್ತು ನಾಯಿಯ ಔಷಧಿ

ನಮ್ಮ ಬೀದಿಯ ಟೈಲರಣ್ಣನ ಕೈಗೆ ಹೋದ ಬಟ್ಟೆ ಹಾಳಾಗಿದ್ದನ್ನು ನಾನು ಇದುವರೆಗೆ ನೋಡಿಲ್ಲ. ಅಪ್ಪನ ಪ್ಯಾಂಟು ಮಗನಿಗೆ, ಅಕ್ಕನ ಲಂಗ ತಂಗಿಗೆ, ಏನು ಕೊಟ್ಟರೂ ಟೇಪ್ ಹಿಡಿದು, ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದು, ಕತ್ತರಿಸಿ ಹೊಲಿದುಬಿಡುತ್ತಾರೆ. "ಅಳತೆ ಕಡಿಮೆ ಮಾಡಿದ್ರೆ ಆಯ್ತು, ಅದಕ್ಕೇನು ಮಹಾ!" ಎನ್ನುವುದು ಅವರ ಮಾತು. ಈ ಮಾತೇ ಒಂದು ದಿನ ಅವರ ಮನೆಯ ಜೀವವೊಂದಕ್ಕೆ ಕುತ್ತು ತಂದಿತು. ಅದರಲ್ಲಿ ನನ್ನ ಪಾಲೂ ಇದೆ. ಅದಕ್ಕೇ ಈ ಕಥೆಯನ್ನು ನಾನೇ ಹೇಳಬೇಕು.

ಟೈಲರಣ್ಣನ ಅಂಗಡಿಗೂ ನನ್ನ ಝೆರಾಕ್ಸ್ ಅಂಗಡಿಗೂ ನಡುವೆ ಒಂದೇ ಗೋಡೆ. ಅವರು ಹೊಲಿದದ್ದಕ್ಕೆ ಕಾಜಾ ಮಾಡಿ ಗುಂಡಿ ಹಾಕುವವರು ಅವರ ಹೆಂಡತಿ, ಅಂದರೆ ನಮ್ಮ ಅತ್ತಿಗೆ. ಅತ್ತಿಗೆಯ ಸ್ಟೂಲಿನ ಪಕ್ಕ ಒಂದು ಬುಟ್ಟಿ. ಬುಟ್ಟಿಯ ತುಂಬ ಚಿಂದಿ ಬಟ್ಟೆ. ಅದರೊಳಗೆ ಬೂದು ಬಣ್ಣದ ಒಂದು ಮೊಲ. ದಾರದ ಉಂಡೆಯಂತೆ ಮುದುಡಿ ಮಲಗುತ್ತದೆ ಎಂದು ಅದರ ಹೆಸರೇ ಉಂಡೆ.

ಅತ್ತಿಗೆ ದಿನವಿಡೀ ತಲೆ ಬಗ್ಗಿಸಿ ಕೂತು ಕೆಲಸ ಮಾಡುವವರು. ಬಂದವರೆಲ್ಲ ಟೈಲರಣ್ಣನ ಜೊತೆ ಮಾತಾಡಿ ಹೋಗುತ್ತಾರೆ. ಅತ್ತಿಗೆಯ ಮಾತೆಲ್ಲ ಉಂಡೆಯ ಜೊತೆಗೆ. "ನಾಲ್ಕು ವರ್ಷದಲ್ಲಿ ಈ ಮೊಲದ ಜೊತೆ ಆಡಿದಷ್ಟು ಮಾತು ನೀವು ಅಣ್ಣನ ಜೊತೆ ಆಡಿಲ್ಲ ಬಿಡಿ" ಎಂದು ನಾನು ಛೇಡಿಸುತ್ತಿದ್ದೆ. "ಇದು ನಡುವೆ ಬಾಯಿ ಹಾಕಲ್ಲ ಕಣೇ" ಎಂದು ಅತ್ತಿಗೆ ನಗುತ್ತಿದ್ದರು.

ಒಂದು ದಿನ ಬೆಳಿಗ್ಗೆ ಬಸ್ ಕಂಡಕ್ಟರೊಬ್ಬರು ಹೊಸ ಪ್ಯಾಂಟು ಹಾಕಿ ನೋಡಲು ಪರದೆಯ ಹಿಂದೆ ಹೋದವರು ಕುಣಿಯುತ್ತಾ ಹೊರಗೆ ಬಂದರು.

"ಏನ್ರೀ ಇದು, ನಿಮ್ಮ ಪ್ಯಾಂಟು ಕಚ್ಚುತ್ತೆ!"

ಟೈಲರಣ್ಣನಿಗೆ ಅವಮಾನವಾಯಿತು. ನನಗೆ ನಗು. ಅತ್ತಿಗೆ ಮಾತ್ರ ನಗಲಿಲ್ಲ. ಅವರ ಪಾದದ ಮೇಲೂ ವಾರದಿಂದ ಕೆಂಪು ಗುಳ್ಳೆಗಳಿದ್ದವು. ಅವರು ಉಂಡೆಯನ್ನು ಮಡಿಲಿಗೆ ಎತ್ತಿಕೊಂಡು, ಬೆನ್ನಿನ ಕೂದಲನ್ನು ಬೆರಳಿನಿಂದ ಸರಿಸಿ ನೋಡಿದರು. ಬುಡದಲ್ಲಿ ಕರಿ ಪುಡಿ. ಆ ಪುಡಿಯನ್ನು ಒದ್ದೆ ಮಾಡಿದ ಬಿಳಿ ಬಟ್ಟೆಯ ಚೂರಿನ ಮೇಲೆ ಉದುರಿಸಿದರು. ಸ್ವಲ್ಪ ಹೊತ್ತಿಗೆ ಅದರ ಸುತ್ತ ಕೆಂಪು ಬಣ್ಣ ಬಿಟ್ಟಿತು.

"ಮಣ್ಣಾಗಿದ್ರೆ ಕೆಂಪಾಗ್ತಿರಲಿಲ್ಲ. ಇದು ಕುಡಿದ ರಕ್ತ. ಚಿಗಟ ಆಗಿದೆ ರೀ" ಎಂದರು ಅತ್ತಿಗೆ.

ಯಾರೂ ಹೇಳಿಕೊಡದೆ ಅವರಿಗೆ ಇದು ಹೊಳೆದಿತ್ತು! ಸೂಜಿಯ ಕಣ್ಣಿಗೆ ದಾರ ಪೋಣಿಸಿ ಪೋಣಿಸಿ ಹರಿತವಾದ ಕಣ್ಣು ಅದು.

"ಚಿಗಟ ತಾನೇ? ಸೋಪು ಹಾಕಿ ಸ್ನಾನ ಮಾಡಿಸಿ" ಎಂದೆ ನಾನು. ಕೇಳದವರಿಗೂ ಸಲಹೆ ಕೊಡುವುದು ನನ್ನ ಚಟ. ಅಷ್ಟಕ್ಕೇ ಸುಮ್ಮನಿರದೆ, "ನಮ್ಮ ಸಾಹೇಬನಿಗೆ ತಂದ ಔಷಧಿ ಒಂದು ಟ್ಯೂಬ್ ಉಳಿದಿದೆ, ಬೇಕಾ?" ಎಂದೂ ಕೇಳಿದೆ. ಸಾಹೇಬ ಅಂದರೆ ನನ್ನ ನಾಯಿ. ಕೂರುವ ಠೀವಿ ನೋಡಿ ಬೀದಿಯವರು ಇಟ್ಟ ಹೆಸರು.

ಅತ್ತಿಗೆ ಅನುಮಾನಿಸಿದರು. "ನಾಯೀದು ಮೊಲಕ್ಕೆ ಆಗುತ್ತಾ? ಪಶು ಆಸ್ಪತ್ರೇಲಿ ಒಂದು ಮಾತು ಕೇಳೋಣ ರೀ."

"ಅದಕ್ಕೆಲ್ಲಾ ಆಸ್ಪತ್ರೆ ಯಾಕೆ? ಸಾಹೇಬ ಹದಿನೈದು ಕಿಲೋ. ಉಂಡೆ ಎರಡು ಕಿಲೋ. ಏಳರಲ್ಲಿ ಒಂದು ಪಾಲು ಹಾಕಿದ್ರೆ ಆಯ್ತು. ಅಳತೆ ಕಡಿಮೆ ಮಾಡಿದ್ರೆ ಎಲ್ಲಾ ಎಲ್ಲರಿಗೂ ಆಗುತ್ತೆ" ಎಂದರು ಟೈಲರಣ್ಣ.

"ಆದ್ರೂ..."

"ನನ್ನ ಲೆಕ್ಕ ಯಾವತ್ತಾದ್ರೂ ತಪ್ಪಿದೆಯಾ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ನಾನು ಟ್ಯೂಬ್ ತಂದುಕೊಟ್ಟೆ. ಟೈಲರಣ್ಣ ಅದರ ಮೇಲಿದ್ದ ಸಣ್ಣ ಅಕ್ಷರಗಳನ್ನು ಓದಲಿಲ್ಲ. ನಾನೂ ಓದಿರಲಿಲ್ಲ. ಅವರು ಉಂಡೆಯ ಕತ್ತಿನ ಹಿಂದೆ ಬಹಳ ನಾಜೂಕಾಗಿ ಒಂದೇ ಒಂದು ಹನಿ ಬಿಟ್ಟರು.

ಎರಡನೆಯ ಹನಿ ಬೀಳುವ ಮೊದಲೇ ಬಾಗಿಲಲ್ಲಿ ಒಂದು ದನಿ ಕೇಳಿಸಿತು. "ಅಣ್ಣಾ, ನಿಲ್ಲಿ! ಏನು ಹಾಕ್ತಿದ್ದೀರಿ ಅದಕ್ಕೆ?"

ಪಶು ಆಸ್ಪತ್ರೆಯ ನರ್ಸಮ್ಮ ತೋಳು ಚಿಕ್ಕದು ಮಾಡಲು ಕೊಟ್ಟಿದ್ದ ಕೋಟು ಒಯ್ಯಲು ಬಂದಿದ್ದರು. ಟ್ಯೂಬನ್ನು ಕೈಗೆ ತೆಗೆದುಕೊಂಡು ಓದಿದರು. ಅವರ ಮುಖ ಬದಲಾಯಿತು.

"ಇದರಲ್ಲಿ ಫಿಪ್ರೊನಿಲ್ ಇದೆ. ನಾಯಿಗೆ ಸರಿ, ಮೊಲಕ್ಕೆ ವಿಷ. ಫಿಟ್ಸ್ ಬರಬಹುದು, ಜೀವಾನೇ ಹೋಗಬಹುದು."

"ಒಂದೇ ಹನಿ ನರ್ಸಮ್ಮ. ಅಳತೆ ಕಡಿಮೆ ಮಾಡಿದ್ದೀನಿ" ಎಂದರು ಟೈಲರಣ್ಣ. ದನಿ ಆಗಲೇ ಕುಗ್ಗಿತ್ತು.

"ಅಣ್ಣ, ಅಪ್ಪನ ಅಂಗಿ ಸಣ್ಣದು ಮಾಡಿದ್ರೆ ಮಗನಿಗೆ ಆಗುತ್ತೆ. ಎಷ್ಟು ಸಣ್ಣದು ಮಾಡಿದ್ರೂ ಅಂಗಿ ಚಪ್ಪಲಿ ಆಗುತ್ತಾ? ಮೊಲ ಅಂದ್ರೆ ಸಣ್ಣ ನಾಯಿ ಅಲ್ಲ. ಅದರ ಮೈಯೇ ಬೇರೆ."

"ಹಂಗಾದ್ರೆ ಈಗಲೇ ಸ್ನಾನ ಮಾಡಿಸಿಬಿಡೋಣ" ಎಂದು ನಾನು ಬಕೆಟ್ಟಿಗೆ ಓಡಿದೆ. ಆತುರಗಾರನಿಗೆ ಬುದ್ಧಿ ಮಟ್ಟ, ನೋಡಿ.

"ಬೇಡ ಅಕ್ಕ! ಮೊಲಾನ ನೀರಲ್ಲಿ ಮುಳುಗಿಸಬಾರದು. ಮೈ ತಣ್ಣಗಾಗುತ್ತೆ, ಹೆದರಿ ಒದ್ದಾಡಿ ಬೆನ್ನುಮೂಳೆ ಮುರ್ಕೊಳ್ಳುತ್ತೆ. ಒಂದು ಮೊಲ ಬರ್ತಿದೆ ಅಂತ ಡಾಕ್ಟರಿಗೆ ಫೋನ್ ಮಾಡ್ತೀನಿ, ನೀವು ನಡೀರಿ" ಎಂದರು ನರ್ಸಮ್ಮ. ಟ್ಯೂಬನ್ನು ನನ್ನ ಕೈಗೆ ಕೊಟ್ಟು, ದಾರಿಯಲ್ಲಿ ಮೊಲ ಆ ಜಾಗವನ್ನು ಕಾಲಿನಿಂದ ಕೆರೆದು ಆ ಕಾಲನ್ನು ನೆಕ್ಕದಂತೆ ಹಿಡಿಯುವುದು ಹೇಗೆ ಎಂದು ಅತ್ತಿಗೆಗೆ ತೋರಿಸಿಕೊಟ್ಟರು.

ಆಟೋದಲ್ಲಿ ನನ್ನ ತಲೆಗೆ ಕೆಟ್ಟ ಯೋಚನೆ ಬಂತು. "ಅಣ್ಣ, ಡಾಕ್ಟರು ಬೈತಾರೆ. ಮೊಲ ಮಂಕಾಗಿದೆ ಅಂತಷ್ಟೇ ಹೇಳೋಣ, ನರ್ಸಮ್ಮನಿಗೂ ಸುಮ್ಮನಿರಿ ಅಂತ ಕೇಳಿಕೊಳ್ಳೋಣ. ಟ್ಯೂಬು ಇಲ್ಲೇ ಎಸೆದುಬಿಡಲಾ?" ಎಂದು ಪಿಸುಗುಟ್ಟಿದೆ. ಕೊಟ್ಟವಳು ನಾನು, ನನಗೆ ಭಯ.

ಟೈಲರಣ್ಣ ಟ್ಯೂಬನ್ನು ನನ್ನ ಕೈಯಿಂದ ತೆಗೆದುಕೊಂಡು ತಮ್ಮ ಜೇಬಿಗೆ ಹಾಕಿದರು. "ತಪ್ಪು ಹೊಲಿಗೆ ಮೇಲೆ ಇಸ್ತ್ರಿ ಹಾಕಿದ್ರೆ ಸರಿ ಹೋಗಲ್ಲಮ್ಮಾ. ಬಿಚ್ಚಲೇಬೇಕು."

ಆಸ್ಪತ್ರೆಯಲ್ಲಿ ಡಾಕ್ಟರು ಕೇಳುವ ಮೊದಲೇ ಟ್ಯೂಬನ್ನು ಮೇಜಿನ ಮೇಲಿಟ್ಟರು. "ನಾನೇ ಹಾಕಿದ್ದು ಸಾರ್. ಒಂದು ಹನಿ. ಅರ್ಧ ಗಂಟೆ ಆಗಿದೆ. ಹೆಂಡತಿ ಬೇಡ ಅಂದ್ಲು, ನಾನು ಕೇಳಲಿಲ್ಲ." ಅಂಗಡಿಯಲ್ಲಿ ಎಂದೂ ಸೋಲದ ಮನುಷ್ಯ ಹತ್ತು ಜನರೆದುರು ಹಾಗೆ ನಿಂತದ್ದು ನೋಡಿ ನನ್ನ ಕಣ್ಣು ತುಂಬಿ ಬಂತು. ಅವರು ಹೊಲಿದ ಯಾವ ಕೋಟನ್ನೂ ನಾನು ಅಷ್ಟು ಮೆಚ್ಚಿಲ್ಲ.

"ಇದನ್ನ ಮುಚ್ಚಿಟ್ಟಿದ್ರೆ ನಾನು ಬೇರೆ ಕಾಯಿಲೆ ಹುಡುಕುತ್ತಾ ಕೂತಿರ್ತಿದ್ದೆ. ಒಳ್ಳೆ ಕೆಲಸ ಮಾಡಿದ್ರಿ" ಎಂದರು ಡಾಕ್ಟರು. ಹನಿ ಬಿದ್ದ ಜಾಗವನ್ನಷ್ಟೇ ಎಚ್ಚರಿಕೆಯಿಂದ ತೊಳೆದು, ಒರೆಸಿ, ಉಂಡೆಯನ್ನು ಬೆಚ್ಚಗೆ ಇರಿಸಿಕೊಂಡರು. ಇನ್ನು ಕಾದು ನೋಡಬೇಕು ಎಂದರು.

ಆ ಸಂಜೆಯವರೆಗೂ ಉಂಡೆ ಏನೂ ತಿನ್ನಲಿಲ್ಲ. ಮೊಲ ಅರ್ಧ ದಿನ ತಿನ್ನದಿದ್ದರೂ ಅಪಾಯವಂತೆ, ಅದರ ಹೊಟ್ಟೆ ಸದಾ ನಡೆಯುತ್ತಿರಬೇಕಂತೆ. ಆಸ್ಪತ್ರೆಯವರು ಪಿಚಕಾರಿಯಿಂದ ಗಂಜಿಯಂಥ ಆಹಾರ ಕೊಟ್ಟು ನೋಡಿಕೊಂಡರು. ಇತ್ತ ಅಂಗಡಿಯಲ್ಲಿ ಅತ್ತಿಗೆ ಖಾಲಿ ಬುಟ್ಟಿಯ ಪಕ್ಕ ಕೂತಿದ್ದರು. ಸೂಜಿಗೆ ದಾರ ಪೋಣಿಸಲು ಅವರಿಗೆ ಆಗುತ್ತಿರಲಿಲ್ಲ. ಟೈಲರಣ್ಣ ಎದ್ದು ಬಂದು ತಾವೇ ಪೋಣಿಸಿಕೊಟ್ಟರು.

ಮರುದಿನ ಹನ್ನೊಂದು ಗಂಟೆಗೆ ನರ್ಸಮ್ಮನ ಫೋನು ಬಂತು. "ಅತ್ತಿಗೆಗೆ ಹೇಳಿ, ಉಂಡೆ ಹುಲ್ಲು ತಿಂತಿದೆ. ನಮ್ಮ ಚೀಟಿನೂ ತಿಂದಿದೆ!"

ಪೂರ್ತಿ ಚೇತರಿಸಿಕೊಂಡ ಮೇಲೆಯೇ ಚಿಗಟಕ್ಕೆ ಚಿಕಿತ್ಸೆ ಶುರುವಾಯಿತು. ಡಾಕ್ಟರು ತಕ್ಕಡಿಯಲ್ಲಿ ತೂಗಿ, ಮೊಲಕ್ಕೆ ಆಗುವಂಥದ್ದೇ ಬೇರೆ ಔಷಧಿ ಆರಿಸಿ, ನಾಲಿಗೆ ನಿಲುಕದ ಕಡೆ ಕತ್ತಿನ ಹಿಂದೆ ಹಾಕಿದರು. ಮತ್ತೆ ಯಾವಾಗ ಹಾಕಬೇಕು ಎಂದು ತಾರೀಖು ಬರೆದುಕೊಟ್ಟರು.

ಉಂಡೆ ಅಂಗಡಿಗೆ ಮರಳಿದ ದಿನ, ಬಿಟ್ಟುಹೋಗಿದ್ದ ಕೋಟು ಒಯ್ಯಲು ನರ್ಸಮ್ಮ ಬಂದರು. "ಸರಿ, ಮುಗೀತಲ್ಲ?" ಎಂದೆ.

"ಎಲ್ಲಿ ಮುಗೀತು ಅಕ್ಕ!" ಎಂದು ನರ್ಸಮ್ಮ ನಕ್ಕರು. "ಚಿಗಟ ಮೊಟ್ಟೆ ಇಡೋದು ಮೈ ಮೇಲೆ, ಅದು ಉದುರೋದು ನೆಲದ ಮೇಲೆ. ಬುಟ್ಟಿ, ಚಿಂದಿ, ಮೂಲೆ ಎಲ್ಲಾ ಸ್ವಚ್ಛ ಆಗಬೇಕು. ಮನೇಲಿರೋ ಬೇರೆ ಪ್ರಾಣಿಗೂ ಅದರದರ ಔಷಧಿ ಆಗಬೇಕು. ಅಂದ ಹಾಗೆ, ಈ ಮೊಲ ಹೊರಗೆ ಹೋಗಲ್ಲ. ಚಿಗಟ ಬಂದಿದ್ದು ಎಲ್ಲಿಂದ?"

ಎಲ್ಲರೂ ಬಾಗಿಲ ಕಡೆ ನೋಡಿದರು. ಟೈಲರಣ್ಣನ ಹೊಸ್ತಿಲ ಮೇಲೆ ನನ್ನ ಸಾಹೇಬ ಠೀವಿಯಿಂದ ಮಲಗಿ ಪರಪರ ಕೆರೆದುಕೊಳ್ಳುತ್ತಿದ್ದ. ಉಳಿದ ಟ್ಯೂಬನ್ನು ಅವನಿಗೆ ಹಾಕಲು ಎರಡು ತಿಂಗಳಿಂದ ಮರೆತಿದ್ದೆ. ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ತೋರಿಸಿ ನಕ್ಕವಳು ನಾನು!

ಆ ದಿನವೇ ಸಾಹೇಬನಿಗೆ ಔಷಧಿ ಹಾಕಿಸಿದೆ. ಅವನ ಮೈಯ ಔಷಧಿ ಉಂಡೆಗೆ ತಾಗದಂತೆ ಅವನನ್ನು ದೂರ ಕಟ್ಟಿದೆ. ಟೈಲರಣ್ಣ ಚಿಂದಿಯನ್ನೆಲ್ಲ ಚೀಲಕ್ಕೆ ತುಂಬಿ ಬಾಯಿ ಬಿಗಿದು ಎಸೆದರು. ಹಾಸಿದ ಬಟ್ಟೆಗಳನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿದರು. ಮಷೀನಿನ ಕಾಲಿನ ಸಂದಿ, ಪರದೆಯ ಹಿಂದೆ, ಎಲ್ಲ ಕಡೆ ದಿನವೂ ಗುಡಿಸಿದರು. ಕೀಟನಾಶಕ ಸಿಂಪಡಿಸಲಿಲ್ಲ, ಅದೂ ಮೊಲಕ್ಕೆ ಆಗದು.

ಅತ್ತಿಗೆಯ ಕೆಲಸವನ್ನು ನೋಡಲೆಂದೇ ನಾನು ದಿನಾ ಬೆಳಿಗ್ಗೆ ಹೋಗುತ್ತಿದ್ದೆ. ಉಂಡೆಯನ್ನು ಮಡಿಲಲ್ಲಿ ಕೂರಿಸಿ, ಸಣ್ಣ ಹಲ್ಲಿನ ಬಾಚಣಿಗೆಯಿಂದ ಕೂದಲು ಬೆಳೆದ ದಿಕ್ಕಿಗೇ ಮೆಲ್ಲಗೆ ಬಾಚುವರು. ಕೂದಲು ಸಿಕ್ಕಾಗಿದ್ದರೆ ಎಳೆಯುವುದಿಲ್ಲ, ಮೊಲದ ಚರ್ಮ ತೀರ ತೆಳು. ಪ್ರತಿ ಸಲ ಬಾಚಣಿಗೆಯನ್ನು ಸೋಪಿನ ನೀರಿನ ಬಟ್ಟಲಲ್ಲಿ ಅದ್ದುವರು, ಚಿಗಟ ಅಲ್ಲೇ ಮುಳುಗುತ್ತದೆ. ಮೊದಲ ದಿನ ಹದಿನೇಳು. ವಾರ ಕಳೆದ ಮೇಲೆ ಮೂರು. ಆಮೇಲೆ ಒಂದೂ ಇಲ್ಲ. ಆದರೂ ಬಾಚುವುದನ್ನು ಬಿಡಲಿಲ್ಲ. ಎಂಥ ತಾಳ್ಮೆ ಎನ್ನುತ್ತೀರಿ! ಉಂಡೆ ಕಣ್ಣು ಮುಚ್ಚಿ ಕೂತಿರುತ್ತಿತ್ತು.

ಟೈಲರಣ್ಣನದು ಇನ್ನೊಂದು ಬಗೆ. ಯಾರೇ ಅಳತೆ ಕೊಡಲು ಬರಲಿ, ಸೊಂಟಕ್ಕೆ ಟೇಪ್ ಸುತ್ತಿದ ಮೇಲೆ ಕೇಳುತ್ತಾರೆ, "ಮನೇಲಿ ಮೊಲ ಇದೆಯಾ?" ಇರಲಿ ಬಿಡಲಿ, ತಾವು ಮಾಡಿದ ತಪ್ಪನ್ನು ಮೊದಲಿಂದ ಕೊನೆತನಕ ಹೇಳುತ್ತಾರೆ. ಟೇಪಿನೊಳಗೆ ಸಿಕ್ಕಿಕೊಂಡವರು ಓಡುವುದಾದರೂ ಎಲ್ಲಿಗೆ?

"ಸಾಕು ಮಾಡಿ ರೀ, ನಿಮ್ಮ ಮರ್ಯಾದೆ ನೀವೇ ತೆಗೀತೀರಲ್ಲ" ಎಂದು ಅತ್ತಿಗೆ ಒಂದು ದಿನ ಹೇಳಿದರು.

ಅವತ್ತು ಟೇಪಿನೊಳಗೆ ಇದ್ದವರು ಪೋಸ್ಟ್‌ಮ್ಯಾನ್. ಅವರು ನಗಲಿಲ್ಲ. ಚೀಲಕ್ಕೆ ಕೈ ಹಾಕಿ, ಆಗ ತಾನೇ ಕೊಂಡಿದ್ದ ಒಂದು ಚಿಗಟದ ಪಟ್ಟಿ ಹೊರಗೆ ತೆಗೆದರು. ನಾಯಿಯ ಕೊರಳಿಗೆ ಕಟ್ಟುವಂಥದ್ದು.

"ಮಗಳ ಮೊಲಕ್ಕೆ ತಗೊಂಡಿದ್ದೆ" ಎಂದರು. "ಉದ್ದ ಇದೆ, ಕತ್ತರಿಸಿ ಚಿಕ್ಕದು ಮಾಡಿಕೊಡಿ ಅಂತ ಕೇಳೋಣ ಅಂತಲೇ ಬಂದೆ."

ಟೈಲರಣ್ಣ ಕತ್ತರಿಯನ್ನು ಮೇಜಿನ ಮೇಲೆ ದೂರ ಸರಿಸಿದರು. ಆಮೇಲೆ ಅಳತೆ ಬರೆಯುವ ಚೀಟಿಯ ಹಿಂದೆ ಪಶು ಆಸ್ಪತ್ರೆಯ ಫೋನ್ ನಂಬರ್ ಬರೆದು ಅವರ ಕೈಗಿಟ್ಟರು. ಅತ್ತಿಗೆ ತಲೆ ಎತ್ತಿ ಗಂಡನನ್ನು ನೋಡಿದ ನೋಟ ನಾನು ಮರೆಯುವುದಿಲ್ಲ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಮೊಲ ಇದ್ದರೆ ಇವತ್ತೇ ಅದರ ಕೂದಲು ಸರಿಸಿ ನೋಡಿ. ಚಿಗಟ ಕಂಡರೆ ನಾಚಿಕೆ ಬೇಡ, ಗಾಬರಿಯೂ ಬೇಡ. ನಾಯಿ ಬೆಕ್ಕಿನ ಹನಿ, ಪುಡಿ, ಪಟ್ಟಿ ಯಾವುದನ್ನೂ ಕಡಿಮೆ ಮಾಡಿಯೂ ಹಾಕಬೇಡಿ, ಸ್ನಾನ ಮಾಡಿಸಬೇಡಿ. ಮೊದಲು ಪಶುವೈದ್ಯರನ್ನು ಕೇಳಿ. ಈಗಾಗಲೇ ಏನಾದರೂ ಹಾಕಿಬಿಟ್ಟಿದ್ದರೆ, ಆ ಟ್ಯೂಬನ್ನೇ ಹಿಡಿದು ಈ ಕ್ಷಣವೇ ಹೊರಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ನಮ್ಮ ಟೈಲರಣ್ಣ ಹಾಗೆ ಹೇಳಿದ್ದಕ್ಕೇ ಉಂಡೆ ಇವತ್ತು ಅತ್ತಿಗೆಯ ಕಾಲ ಬಳಿ ಮಲಗಿದೆ.