ಚೊಕ್ಕ ಸ್ಕ್ರೀನ್

ಗೋದಾಮಿನ ಸರಕಿನ ಲೆಕ್ಕಕ್ಕೆ ನಾನು ಮಾಡಿಕೊಟ್ಟಿದ್ದ ಕಂಪ್ಯೂಟರ್ ಸ್ಕ್ರೀನನ್ನು ಮ್ಯಾನೇಜರು ಎಲ್ಲರೆದುರು ತೋರಿಸಿ, "ಗುಜರಿ ಅಂಗಡಿ ಇದ್ದ ಹಾಗಿದೆಯಲ್ಲಮ್ಮ. ಯಾರೂ ಮುಟ್ಟದೇ ಇರೋದನ್ನೆಲ್ಲ ಕಿತ್ತುಹಾಕು. ನಾಳಿದ್ದು ಯಜಮಾನರು ನೋಡ್ತಾರೆ" ಎಂದರು. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಮಾಡ್ತೀನಿ ಇರಿ ಎಂದುಕೊಂಡೆ.

ಕಣ್ಣಿಗೆ ಚುಚ್ಚುವ ಬಣ್ಣಗಳನ್ನು ತಿಳಿಯಾಗಿಸಿದೆ, ಅಡ್ಡಾದಿಡ್ಡಿ ಅಕ್ಷರಗಳನ್ನು ಸಾಲಾಗಿ ನಿಲ್ಲಿಸಿದೆ. ಯಾವ ಬಟನ್ನನ್ನು ಯಾರು ಒತ್ತುತ್ತಾರೆಂದು ಹುಡುಕಿ ನೋಡಿದೆ. ವರ್ಷದಿಂದ ಯಾರೂ ಒತ್ತದ ಬಟನ್ ಒಂದೇ ಒಂದಿತ್ತು. ಅದನ್ನು ಸಂತೋಷದಿಂದ ಕಿತ್ತೆ.

ಯಜಮಾನರಿಗೆ ಹೊಸ ಸ್ಕ್ರೀನ್ ಹಿಡಿಸಿತು. "ಚೊಕ್ಕವಾಗಿದೆ. ಆದ್ರೆ ಬಂದ ಸರಕು ಪರೀಕ್ಷೆ ಮಾಡಿ ಮ್ಯಾನೇಜರು ಒತ್ತೋ ಬಟನ್ ಎಲ್ಲಮ್ಮ?"

"ಯಾರೂ ಮುಟ್ಟದೇ ಇರೋದನ್ನ ಕಿತ್ತುಹಾಕು ಅಂತ ಅವರೇ ಹೇಳಿದ್ರು ಸರ್."