ಇಟ್ಟಿಗೆ ಹೊತ್ತಿದ್ದನ್ನು ಮುಚ್ಚಿಟ್ಟ ಶಾಲುಬಾಯಿ

ಎರಡನೆಯ ವರ್ಷವೂ ತೊಗರಿ ಹೂವಿನಲ್ಲೇ ಉದುರಿತು. ಠಾಣಾ ಕುಶನೂರ ದಾಟಿದರೆ ಸಿಗುವ ಆ ಸಣ್ಣ ಊರಿನಲ್ಲಿ ಅರ್ಧ ಮನೆಗಳಿಗೆ ಬೀಗ, ಬೀಗದ ಮುಂದೆ ಜಾಲಿಮುಳ್ಳು. ಉಳಿದವರು ಗಂಟು ಕಟ್ಟುತ್ತಿದ್ದರು. ಗುರುವಾರ ಕೂಲಿಯವರನ್ನು ಒಯ್ಯಲು ಹೈದರಾಬಾದಿನ ಲಾರಿ ಬರುವುದಿತ್ತು.

ಅರವತ್ತೆಂಟರ ಶಾಲುಬಾಯಿಯೂ ಗಂಟು ಕಟ್ಟುತ್ತಿದ್ದಳು. ಹೋದ ವರ್ಷ ಮಗ ಪಂಢರಿಯ ಜೊತೆ ಅಲ್ಲಿಗೆ ಹೋಗಿ ನಾಲ್ಕು ತಿಂಗಳು ಇಟ್ಟಿಗೆ ಹೊತ್ತು ಬಂದಿದ್ದಳು. ಅಂದಿನಿಂದ ಮೊಣಕಾಲು ಊದಿಕೊಂಡೇ ಇದೆ. ಊರಿಗೆ ಮರಳಿ ನೋಡಿದರೆ ಮುದುಕರಿಗೆ ಬರುವ ಸಂಧ್ಯಾ ಸುರಕ್ಷಾ ಪಿಂಚಣಿ ನಿಂತಿತ್ತು. ಅದು ಬರುತ್ತಿದ್ದರೆ ಜೋಳಕ್ಕೆ, ಮಾತ್ರೆಗೆ ಆಗುತ್ತಿತ್ತು, ಮನೆಯಲ್ಲೇ ಇರಬಹುದಿತ್ತು. ಈಗ ಮತ್ತೆ ಲಾರಿ ಹತ್ತಬೇಕು.

ಪಕ್ಕದ ಮನೆಯ ಬದರುನ್ನಿಸಾ ಬಂದು ಹೊಸ್ತಿಲಲ್ಲಿ ಕುಳಿತಳು. ಸ್ವಸಹಾಯ ಸಂಘದ ಪುಸ್ತಕ ಬರೆಯುವವಳು ಅವಳೇ.

“ಶಾಲೂ ಅಕ್ಕಾ, ಈ ಕಾಲು ತಗೊಂಡು ಲಾರಿ ಹ್ಯಾಂಗ ಹತ್ತತಿ? ಏಣಿ ಹಚ್ಚಬೇಕೇನು?”

“ಹತ್ತಿಸ್ತಾರ ಬಿಡು, ಸಿಮೆಂಟ್ ಚೀಲ ಹತ್ತಿಸಿದಂಗ.”

“ಪಿಂಚಣಿ ಯಾಕ ನಿಂತದ ಅಂತ ಕೇಳಿದೇನು?”

ಶಾಲುಬಾಯಿ ದನಿ ತಗ್ಗಿಸಿದಳು. “ಹ್ಯಾಂಗ ಕೇಳಲಿ? ಭಾಲ್ಕಿಯೊಳಗ ಮಗಳ ಮನಿಗಿ ಹೋಗಿದ್ದೆ ಅಂತ ಊರಾಗ ಉಳಿದವರಿಗೆಲ್ಲಾ ಹೇಳೀನಿ. ಇಟ್ಟಂಗಿ ಹೊತ್ತಿದ್ದು ಗೊತ್ತಾದರ, ಮುದುಕಿಗಿ ದುಡೀಲಾಕ ಬರ್ತದ, ಪಿಂಚಣಿ ಯಾಕ ಬೇಕು ಅಂತಾರ. ಕೊಟ್ಟಿದ್ದೂ ವಾಪಸ್ ಕೇಳ್ತಾರ.”

“ಅರೇ! ಇದು ಯಾರು ಹೇಳಿದರು?”

“ಯಾರು ಹೇಳಬೇಕು? ನನ್ನ ಮನಸಿಗೇ ಹಂಗ ಅನಿಸ್ತು.”

ಹಗ್ಗ ಬಿಗಿಯುತ್ತಿದ್ದ ಪಂಢರಿ ಅಂದ, “ಬಿಡ್ರಿ ಚಾಚಿ. ಕಚೇರಿಗಿ ಹೋದರ ಒಂದು ದಿನ ಹಾಳ. ಬಡವರ ಕಾಗದ ಯಾರು ನೋಡ್ತಾರ್ರಿ?”

ಬದರುನ್ನಿಸಾ ಶಾಲುಬಾಯಿಯ ಹತ್ತಿರ ಸರಿದು ಕುಳಿತಳು. ಹೋದ ವರ್ಷ ಅವಳೂ ಊರು ಬಿಟ್ಟಿದ್ದಳು. ಬೀದರಿನ ಮೈಲೂರಿನಲ್ಲಿ ಮಾಜಿ ಶಾಸಕರೊಬ್ಬರ ಮನೆಯಲ್ಲಿ ಅಡುಗೆಗೆ ಇದ್ದಳು.

“ಆ ಸಾಹೇಬರು ಒಂದೇ ಸಲ ಗೆದ್ದವರು, ಅಕ್ಕಾ. ಮುಂದಿನ ಸಲ ಸೋತರು. ಪಿಂಚಣಿ ಮಾತ್ರ ಸಾಯೋತನಾ ಅದ, ತಿಂಗಳಿಗಿ ಹತ್ತಾರು ಸಾವಿರ. ಹೊಲ ಅದ, ಅಂಗಡಿ ಬಾಡಿಗಿ ಬರ್ತದ. ನಿಮಗ ಇಷ್ಟೆಲ್ಲಾ ಅದ, ಪಿಂಚಣಿ ಯಾಕ ಅಂತ ಯಾರೂ ಕೇಳಲ್ಲ. ಅವರೂ ಯಾರಿಗೂ ಮುಚ್ಚಿಡಲ್ಲ.”

“ಒಂದೇ ಸಲ ಗೆದ್ದರೂ?”

“ಒಂದೇ ಸಲ.”

ಶಾಲುಬಾಯಿ ಗಂಟಿನ ಮೇಲೇ ಕುಳಿತಳು. “ಕಥಿಯೊಳಗಿನ ರಾಜಾ ಗದ್ದುಗಿ ಬಿಟ್ಟರ ಕಾಡಿಗಿ ಹೋಗ್ತಿದ್ದ, ಬದರೂ. ಗೆಡ್ಡಿ ಗೆಣಸು ತಿಂತಿದ್ದ.”

“ಈಗಿನವರು ಮೈಲೂರಿಗಿ ಬರ್ತಾರ. ಗೆಣಸು ನಾನೇ ಕುದಿಸಿ ಕೊಟ್ಟೀನಿ, ತುಪ್ಪ ಹಾಕಿ.”

ಪಂಢರಿ ನಕ್ಕ. ಶಾಲುಬಾಯಿ ನಗಲಿಲ್ಲ. “ಅವರಿಗಿ ರೊಕ್ಕ ಎಲ್ಲಿಂದ ಬರ್ತದ?”

“ನೀ ಸಾಬಾನ, ಎಣ್ಣಿ ತಗೊಂಡಾಗ ತೆರಿಗಿ ಕೊಡ್ತೀಯಲ್ಲ, ಅದರಾಗಿಂದೇ.”

“ನಾ ಕೊಟ್ಟಿದ್ದರಾಗಿಂದ ಅವರು ಎದಿ ಉಬ್ಬಿಸಿ ತಗೋತಾರ. ನನ್ನದು ಕೇಳಲಾಕ ನಾನೇ ಅಂಜಲತ್ತೀನಿ.”

“ಹೊಟ್ಟಿಗಿಲ್ಲದಾಗ ಕೂಲಿಗಿ ಹೋಗೋದು ಕಳ್ಳತನ ಅಲ್ಲ ಅಕ್ಕಾ. ಪಿಂಚಣಿಗಿ ವಯಸ್ಸು ನೋಡ್ತಾರ, ಮನಿ ವರಮಾನ ನೋಡ್ತಾರ. ನಿನ್ನ ವರಮಾನ ಈ ಗಂಟು ನೋಡಿದರೇ ಗೊತ್ತಾಗ್ತದ! ತಪಾಸಣಿಗಿ ಬಂದವರು ಬೀಗ ನೋಡಿ, ಊರಾಗಿಲ್ಲ ಅಂತ ಬರ್ಕೊಂಡಿರಬೇಕು. ಇದ್ದೀನಿ ಅಂತ ನೀನೇ ಹೋಗಿ ಹೇಳಬೇಕು.”

ಬುಧವಾರ ಮೂವರೂ ನಾಡಕಚೇರಿಗೆ ಹೋದರು. ಆಧಾರ್, ಪಾಸ್‌ಬುಕ್, ಹಳೆಯ ಪಿಂಚಣಿ ಆದೇಶ ಎಲ್ಲ ಶಾಲುಬಾಯಿಯ ಸೆರಗಿನಲ್ಲಿತ್ತು. ಪಂಢರಿ ದಾರಿಯುದ್ದಕ್ಕೂ ಗೊಣಗಿದ. ಮಧ್ಯಾಹ್ನದವರೆಗೆ ಗೋಡೆಗೆ ಒರಗಿ ಕಾದರು.

“ಮನಿಗಿ ಬೀಗ ಯಾಕಿತ್ತು?” ಗುಮಾಸ್ತ ಕೇಳಿದ.

ಭಾಲ್ಕಿ ಎಂಬ ಮಾತು ಶಾಲುಬಾಯಿಯ ನಾಲಿಗೆಯ ತುದಿಗೆ ಬಂತು. ಅವಳು ತನ್ನ ಮೊಣಕಾಲು ನೋಡಿಕೊಂಡಳು. “ಹೈದರಾಬಾದಿಗಿ ಹೋಗಿದ್ದೆರಿ. ಇಟ್ಟಂಗಿ ಹೊರಲಾಕ.”

ಗುಮಾಸ್ತ ತಲೆ ಎತ್ತಲಿಲ್ಲ. “ಅರ್ಜಿ ಬರೆಸ್ರಿ,” ಎಂದ.

ಅಷ್ಟೇ. ಯಾರೂ ಬೈಯಲಿಲ್ಲ. ಯಾರೂ ಏನನ್ನೂ ವಾಪಸ್ ಕೇಳಲಿಲ್ಲ. ಇಷ್ಟಕ್ಕಾಗಿ ಎಂಟು ತಿಂಗಳು ಅಂಜಿದ್ದಳು. ಹಣ ಮತ್ತೆ ಶುರುವಾಗಲು ಒಂದೆರಡು ತಿಂಗಳು ಬೇಕೆಂದರು. ಕೈಗೆ ಒಂದು ಸ್ವೀಕೃತಿ ಚೀಟಿ ಕೊಟ್ಟರು.

ಗುರುವಾರ ಲಾರಿ ಬಂತು. ಪಂಢರಿ ತನ್ನ ಗಂಟು ಹಾಕಿದ. ತಾಯಿಯ ಗಂಟನ್ನು ಎತ್ತಿ, ಒಂದು ಗಳಿಗೆ ಹಿಡಿದುಕೊಂಡು, ತಿರುಗಿ ಒಳಗೆ ಒಯ್ದಿಟ್ಟ.

“ನೀ ಇರು, ಆಯಿ. ಜೋಳಕ್ಕ ರೊಕ್ಕ ನಾ ಕಳಸ್ತೀನಿ. ಮತ್ತ ತಪಾಸಣಿಗಿ ಬಂದರ ಮನಿಗಿ ಬೀಗ ಇರಬಾರದು.”

ಬಾಗಿಲಿಗೆಂದು ತಂದಿಟ್ಟಿದ್ದ ಜಾಲಿಮುಳ್ಳನ್ನು ಶಾಲುಬಾಯಿ ಕೋಲಿನಿಂದ ದೂರ ತಳ್ಳಿದಳು.

ಅಕ್ಕಂದಿರೇ, ಅಣ್ಣಂದಿರೇ, ದಣಿದಿದ್ದೀರಿ, ಗೊತ್ತು. ಆದರೂ ಪಿಂಚಣಿ ನಿಂತರೆ ಸುಮ್ಮನಿರಬೇಡಿ. ಕಚೇರಿಗೆ ಹೋಗಿ ಕೇಳಿ, ಅರ್ಜಿ ಕೊಟ್ಟು ಚೀಟಿ ಪಡೆಯಿರಿ. ದುಡಿಯಲು ಊರು ಬಿಡುವುದಾದರೆ ಪಂಚಾಯಿತಿಯಲ್ಲಿ, ನೆರೆಮನೆಯಲ್ಲಿ ಹೇಳಿ ಹೋಗಿ, ಫೋನ್ ನಂಬರ್ ಕೊಟ್ಟು ಹೋಗಿ. ದುಡಿದದ್ದನ್ನು ಮುಚ್ಚಿಡಬೇಡಿ. ಮತ ಕೇಳಲು ಬಂದವರಿಗೆ ಚಾಪೆ ಹಾಸಿ, ಚಹಾ ಕೊಡಿ. ಅವರು ಕುಡಿದು ಮುಗಿಸುವುದರೊಳಗೆ ಒಂದು ಮಾತು ಕೇಳಿ: “ಒಮ್ಮೆ ಗೆದ್ದರೆ ನಿಮಗೆ ಸಾಯುವವರೆಗೆ ಪಿಂಚಣಿ. ಸಾಯುವವರೆಗೆ ದುಡಿಯುವ ನಮಗೆ ಇಷ್ಟೇ ಯಾಕೆ?”